ಜಯಮಾಲಾ ಕೇಳಿದ ಪಾಲು

"ಬಂದ್ ಮಾಡು ಅಂದ್ರ ಬಂದ್ ಮಾಡು!"

ಹಾಗೆಂದವಳೇ ಜಟ್ಟೆಮ್ಮ ಕೈಯಲ್ಲಿದ್ದ ಚೊಂಬಿನ ನೀರನ್ನು ಉರಿಯುತ್ತಿದ್ದ ಒಲೆಯ ಮೇಲೆ ಸುರಿದೇ ಬಿಟ್ಟಳು. ಕಾದ ಹಂಚು ಚೊಂಯ್ ಎಂದಿತು. ಅದರ ಮೇಲೆ ಉಬ್ಬುತ್ತಿದ್ದ ಜೋಳದ ರೊಟ್ಟಿ ಒದ್ದೆ ಕಾಗದದಂತೆ ಮುದುಡಿತು. ಗರುಡಾಚಾರ್‌ಪಾಳ್ಯದ ಆ ಪುಟ್ಟ ರೊಟ್ಟಿ ಅಂಗಡಿಯ ತುಂಬ ಹಬೆ... ಹಬೆಯ ಆಚೆ ಬಾಯಿ ತೆರೆದು ನಿಂತ ಗಿರಾಕಿಗಳು, ಈಚೆ ಹಿಟ್ಟಿನ ಕೈಯನ್ನು ಎತ್ತಿದ್ದು ಎತ್ತಿದಂತೆಯೇ ಕುಳಿತ ಸೊಸೆ ಜಯಮಾಲಾ. ಉರಿಯುವ ಒಲೆಗೆ ನೀರು ಹಾಕುವುದೆಂದರೆ! ಅವರ ಊರಿನ ಕಡೆ ಹಗೆಯ ಮನೆಯ ಒಲೆಗೂ ಯಾರೂ ನೀರು ಹಾಕುವುದಿಲ್ಲ.

"ಅತ್ತೀ... ಏನ್ ಮಾಡಿದ್ರಿ ಇದು?"

"ಏನ್ ಮಾಡ್ದೆ? ಮನಿ ಮರ್ಯಾದಿ ಉಳಿಸಿದೆ! ಬ್ಯಾಂಕಿನಾಗ ಅಷ್ಟು ರೊಕ್ಕ ಬಿದ್ದಾವ, ಇಕಿ ಇಲ್ಲಿ ಕುಂತು ಮಂದಿಗೆ ರೊಟ್ಟಿ ಬಡೀತಾಳ! ನಾಳಿಂದ ಈ ಕಟ್ಟಿ ಹತ್ತಬೇಕಂದ್ರ ನನ್ನ ಹೆಣಾ ದಾಟಿ ಹತ್ತು!"

ಅಂಗಡಿಯ ಇನ್ನೊಬ್ಬ ಪಾಲುದಾರಳು ಶಂಶುನ್ನೀಸಾ ಪಲ್ಯದ ಸೌಟು ಬಿಟ್ಟು ಓಡಿ ಬಂದು ಸಿಲಿಂಡರಿನ ನಾಬ್ ತಿರುಗಿಸಿದಳು. ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವಳು ಅವಳು; ಯಾರಿಗೂ ಹೆದರುವ ಪೈಕಿಯಲ್ಲ.

"ಅರೆ ಅಮ್ಮಾ, ಬಾಯಲ್ಲಿ ಹೇಳಿದ್ರೆ ಸಾಕಿತ್ತಲ್ಲಾ! ಗ್ಯಾಸ್ ಹಂಗೇ ಬಿಟ್ಟು ಬೆಂಕಿ ಆರಿಸ್ತಾರಾ ಯಾರಾದ್ರೂ? ಎಲ್ಲರೂ ಸೇರಿ ಮೇಲೆ ಹೋಗ್ತಿದ್ವಿ, ಲಕ್ಷ ಇಲ್ಲೇ ಇರ್ತಿತ್ತು!"

ಗಿರಾಕಿಗಳಲ್ಲಿ ಯಾರೋ ನಕ್ಕರು. ಜಟ್ಟೆಮ್ಮ ನಗಲಿಲ್ಲ. ಖಾಲಿ ಚೊಂಬು ಹಿಡಿದುಕೊಂಡು, ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ಒಂದು ಯುದ್ಧ ಗೆದ್ದವಳಂತೆ ರಸ್ತೆಗಿಳಿದು ಹೋದಳು.

ಓದುಗರು ಈ ಮುದುಕಿಯನ್ನು ಹುಚ್ಚಿ ಎಂದುಕೊಳ್ಳಬಾರದು. ಆ ಮನೆಗೆ ರೊಕ್ಕ ಬಂದ ರೀತಿಯೇ ಹಾಗಿತ್ತು. ಯಾರ ತಲೆಯಾದರೂ ತಿರುಗುವಂಥದ್ದು.

ಯಾದಗಿರಿ ಕಡೆಯ ಹಳ್ಳಿಯಿಂದ ಜಟ್ಟೆಮ್ಮನ ಮಗ ಈರೇಶ ಹೆಂಡತಿಯನ್ನೂ ತಾಯಿಯನ್ನೂ ಕಟ್ಟಿಕೊಂಡು ಬೆಂಗಳೂರಿಗೆ ಬಂದವನು. ಅವನು ಕಂಪನಿಯೊಂದರ ಕ್ಯಾಬ್ ಓಡಿಸುತ್ತಿದ್ದ. ಜಯಮಾಲಾ ಮೊದಮೊದಲು ಮನೆಯಲ್ಲೇ ರೊಟ್ಟಿ ಮಾಡಿ ಆಫೀಸುಗಳಿಗೆ ಕಳಿಸುತ್ತಿದ್ದಳು. ಇಂದಿರಾನಗರದ ಒಂದು ಮಹಡಿಯ ಮೇಲೆ ನಾಲ್ಕೈದು ಹುಡುಗರು ಸೇರಿ ಮೊಬೈಲಿನ ಏನೋ ಒಂದು ಕೆಲಸ ಶುರು ಮಾಡಿದ್ದರು. ಅವರಲ್ಲಿ ಪ್ರತಿಭಾ ಎಂಬ ದಾವಣಗೆರೆ ಕಡೆಯ ಹುಡುಗಿಗೆ ರೊಟ್ಟಿಯಿಲ್ಲದೆ ಊಟ ಇಳಿಯುತ್ತಿರಲಿಲ್ಲ. ಹಾಗಾಗಿ ದಿನವೂ ಅಲ್ಲಿಗೆ ಜಯಮಾಲಾಳ ಬುತ್ತಿ. ಕೆಲವು ತಿಂಗಳಾದ ಮೇಲೆ ಅವರ ಕೈ ಬರಿದಾಯಿತು. ಆಗ ಪ್ರತಿಭಾ ತಲೆ ತಗ್ಗಿಸಿ ಹೇಳಿದ್ದಳು:

"ಜಯಕ್ಕಾ, ಈಗ ಕೊಡೋಕೆ ದುಡ್ಡಿಲ್ಲ. ಆದ್ರೆ ಊಟ ಮಾತ್ರ ನಿಲ್ಲಿಸ್ಬೇಡಿ. ನಿಮ್ಗೆ ಕಂಪನೀದು ಶೇರು ಕೊಡ್ತೀವಿ. ಕಂಪನಿ ಬೆಳೆದ್ರೆ ನೀವೂ ಬೆಳೀತೀರಾ. ಮುಳುಗಿದ್ರೆ ನಾನೇ ಬಂದು ನಿಮ್ಮನೇಲಿ ಪಾತ್ರೆ ತೊಳಿತೀನಿ."

ಪಾಪ, ಹಸಿದ ಮಕ್ಕಳು ಎಂದು ಜಯಮಾಲಾ ಒಪ್ಪಿಕೊಂಡು ಬಂದಿದ್ದಳು. ಮನೆಯಲ್ಲಿ ಹೇಳಿದಾಗ ಜಟ್ಟೆಮ್ಮ ಕಣ್ಣರಳಿಸಿದಳು. ಅವಳ ಪಾಲಿಗೆ ಶೇರು ಎಂದರೆ ಕಾಳು ಅಳೆಯುವ ಪಾತ್ರೆ.

"ಎಷ್ಟು ಶೇರು ಕೊಡ್ತಾರ? ಜ್ವಾಳನೋ, ಸಜ್ಜಿನೋ? ಮತ್ತ ಚೀಲ ಒಯ್ಯದ ಬರೀ ಕೈಲೆ ಬಂದೀಯಲ್ಲ!"

ಅದು ಜೋಳವಲ್ಲ, ಕಣ್ಣಿಗೆ ಕಾಣುವ ಯಾವ ಕಾಳೂ ಅಲ್ಲ ಎಂದು ತಿಳಿದ ದಿನದಿಂದ ಅವಳ ಬಾಯಿಗೆ ಬೀಗವೇ ಇರಲಿಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾದರೆ, "ಶೇರಮ್ಮ ಮಾಡ್ಯಾಳ, ಸುಮ್ಮನ ತಿನ್ನು." ಬಾಡಿಗೆ ತಡವಾದರೆ, "ಶೇರಿನಾಗ ಅಳದು ಕೊಡು." ವಠಾರದ ಮಕ್ಕಳೂ ಜಯಮಾಲಾಳನ್ನು ಶೇರಮ್ಮ ಎಂದೇ ಕೂಗತೊಡಗಿದವು. ಅವಳು ಶಂಶುನ್ನೀಸಾಳ ಜೊತೆ ಸೇರಿ ಸಣ್ಣ ಶೆಟರ್ ಬಾಡಿಗೆಗೆ ಹಿಡಿದು ರೊಟ್ಟಿ ಅಂಗಡಿ ತೆರೆದಳು. ಶಂಶು ಪಲ್ಯ, ಚಟ್ನಿಪುಡಿ ನೋಡಿಕೊಂಡರೆ ಇವಳು ರೊಟ್ಟಿ. ವರ್ಷಗಳು ಹೋದವು. ಆ ಶೇರುಗಳನ್ನು ಅವಳೇ ಮರೆತಿದ್ದಳು.

ಹೀಗಿರುವಾಗ ಆ ಹುಡುಗರ ಕಂಪನಿಯನ್ನು ದೊಡ್ಡ ಕಂಪನಿಯೊಂದು ಕೊಂಡುಕೊಂಡಿತು! ಪ್ರತಿಭಾ ತಾನೇ ಸಿಹಿ ಹಿಡಿದು ಮನೆಗೆ ಬಂದು, ಚಾಪೆಯ ಮೇಲೆ ಕುಳಿತು ಸುದ್ದಿ ಹೇಳಿದಳು. ತೆರಿಗೆ ಕಳೆದು ಉಳಿದದ್ದೇ ಎಪ್ಪತ್ತು ಲಕ್ಷಕ್ಕೆ ಮಿಗಿಲು. ಈರೇಶ ಹೆಂಡತಿಯ ಮೊಬೈಲಿಗೆ ಬಂದ ಬ್ಯಾಂಕಿನ ಮೆಸೇಜನ್ನು ಮೂಗಿನ ಹತ್ತಿರ ತಂದು ಓದಿದ, ದೂರ ಹಿಡಿದು ಓದಿದ, ನಾಲ್ಕನೇ ಕ್ಲಾಸಿನ ಮಗಳು ಪೂಜಿತಾಳ ಕೈಲಿ ಜೋರಾಗಿ ಓದಿಸಿದ. ಜಟ್ಟೆಮ್ಮ ಮೆಲ್ಲಗೆ ಕೇಳಿದಳು, "ಇದಕ್ಕ ಎಷ್ಟು ಶೇರು ಜ್ವಾಳ ಬರ್ತಾವ?" ಈ ಸಲ ಯಾರೂ ನಗಲಿಲ್ಲ.

ಅಂದು ಸಂಜೆಯೇ ಈರೇಶ ಕ್ಯಾಬಿನ ಕೀಲಿಕೈಯನ್ನು ಮಾಲೀಕನ ಮೇಜಿನ ಮೇಲೆ ಇಟ್ಟು ಬಂದ. ಜಯಮಾಲಾ ಮಾತ್ರ ಮರುದಿನ ಬೆಳಗ್ಗೆ ಎಂದಿನಂತೆ ಹಿಟ್ಟಿನ ಡಬ್ಬಿ ಹಿಡಿದು ಅಂಗಡಿಗೆ ಹೋದಳು. ಅದರ ಮರುದಿನವೂ ಹೋದಳು. ಅದೇ ತಪ್ಪಾಯಿತು. ಆ ತಪ್ಪಿಗೇ ಒಲೆಗೆ ನೀರು ಬಿದ್ದದ್ದು.

ಆ ದಿನ ಮನೆಗೆ ಬಂದ ಜಯಮಾಲಾ ಗಂಡನ ಮುಖ ನೋಡಿದಳು. ಒಂದು ಮಾತು ತನ್ನ ಪರವಾಗಿ ಆಡಬಹುದೆಂಬ ಆಸೆ ಅವಳಿಗೆ.

"ನೋಡು ಜಯಾ," ಎಂದ ಈರೇಶ, ಹೊಸ ಬಿಳಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಅವ್ವ ಮಾಡಿದ್ದು ತಪ್ಪು, ಒಪ್ತೀನಿ. ಆದ್ರ ಅಕಿ ಹೇಳಿದ್ದು ತಪ್ಪಲ್ಲ. ನಿನ್ನೆ ಚಾದ ಅಂಗಡ್ಯಾಗ ಏನಂದ್ರು ಗೊತ್ತೇನು? 'ಏನ್ ಗುರು, ಲಕ್ಷಾಧಿಪತಿ ಆದ್ರೂ ಹೆಂಡ್ತಿ ಕೈಲಿ ದುಡಿಸ್ತೀಯಲ್ಲ' ಅಂದ್ರು. ನಾ ಎಲ್ಲಿ ಮುಖ ಇಟ್ಕೊಳ್ಳಲಿ?"

"ನೀವು ದುಡದ್ರ ಯಾರೂ ಏನೂ ಅನ್ನಂಗಿಲ್ಲಲ್ಲ?"

"ನಾ ಈಗ ಇನ್ವೆಸ್ಟ್ ಮಾಡೋನು," ಎಂದ ಈರೇಶ ಗಂಭೀರವಾಗಿ. ಯಾವುದರಲ್ಲಿ ಎಂದು ಅವಳು ಕೇಳಲಿಲ್ಲ. ಅವನಿಗೂ ಗೊತ್ತಿರಲಿಲ್ಲ.

ಜಟ್ಟೆಮ್ಮ ಇನ್ನೊಂದು ಉಪಾಯ ಮಾಡಿದಳು. ಸೊಸೆಯನ್ನು ಕಮರ್ಷಿಯಲ್ ಸ್ಟ್ರೀಟಿಗೆ ಕರೆದುಕೊಂಡು ಹೋಗಿ ಎರಡೂ ಕೈಗೆ ದಪ್ಪ ಚಿನ್ನದ ಬಳೆ ಹಾಕಿಸಿದಳು. ರೊಟ್ಟಿ ಬಡಿಯುವವರಿಗೆ ಗೊತ್ತು, ಕೈತುಂಬ ಬಳೆಯಿದ್ದರೆ ಹಿಟ್ಟಿನ ಮೇಲೆ ಅಂಗೈ ಸಪಾಟಾಗಿ ಬೀಳುವುದಿಲ್ಲ; ಬಳೆಯ ಅಂಚು ರೊಟ್ಟಿಯನ್ನು ಹರಿಯುತ್ತದೆ. ಅಂಗಡಿಯವನು "ಅಮ್ಮಾ, ಸೊಸೆ ಅಂದ್ರೆ ಎಷ್ಟು ಪ್ರೀತಿ ನಿಮ್ಗೆ!" ಎಂದ. ಜಯಮಾಲಾ ತನ್ನ ಎರಡು ಮಣಿಕಟ್ಟುಗಳನ್ನು ಜೋಡಿಸಿ ನೋಡಿಕೊಂಡಳು. ಪೊಲೀಸರು ಹಾಕುವುದು ಕಬ್ಬಿಣದ್ದು, ಇದು ಚಿನ್ನದ್ದು... ಅಷ್ಟೇ!

ಅಂಗಡಿಗೆ ಹೋಗುವುದು ನಿಂತ ಮೇಲೆ ಅವಳು ಕೈ ಕಟ್ಟಿಕೊಂಡು ಕುಳಿತಳೆಂದು ನೀವು ತಿಳಿದರೆ, ಅದೇ ಆ ಮನೆಯವರೂ ತಿಳಿದಿದ್ದದ್ದು.

ಸುದ್ದಿ ಊರು ಮುಟ್ಟಿತು. ನೆಂಟರು ಬರತೊಡಗಿದರು. ಯಾದಗಿರಿ ಬಸ್ಸು ಇಳಿದು, ಮೆಟ್ರೋ ಹಿಡಿದು, ಗರುಡಾಚಾರ್‌ಪಾಳ್ಯದಲ್ಲಿ ಇಳಿದು, "ಈರೇಶನ ಮನಿ ಯಾವುದ್ರಿ?" ಎಂದು ಕೇಳಿಕೊಂಡು ಬಂದರು. ಕಣ್ಣು ತೋರಿಸಲು ಬಂದವರು, ಮಗನಿಗೆ ಕೆಲಸ ಹುಡುಕಲು ಬಂದವರು, ಸುಮ್ಮನೆ ನೋಡಿ ಹೋಗಲು ಬಂದು ನೋಡುತ್ತಲೇ ಉಳಿದವರು. ಬಂದವರೆಲ್ಲ ಕೈಕಾಲು ತೊಳೆದು ಕುಳಿತು ಒಂದೇ ಮಾತು ಹೇಳುವರು: "ಈ ಬೆಂಗಳೂರು ಅನ್ನ ನಮಗ ಸೇರಂಗಿಲ್ಲವಾ. ಜಯಮಾಲಾನ ಕೈ ರೊಟ್ಟಿ ಆದ್ರ ಎರಡು ತಿಂತೀವಿ." ಎರಡು ಎನ್ನುವವರು ನಾಲ್ಕು ತಿನ್ನುವರು. ಬೆಳಗ್ಗೆ ರೊಟ್ಟಿ, ಮಧ್ಯಾಹ್ನ ರೊಟ್ಟಿ, ಊರಿಗೆ ಹೊರಟವರಿಗೆ ಬುತ್ತಿ ಕಟ್ಟಲು ಮತ್ತೆ ರೊಟ್ಟಿ. ಅಂಗಡಿಯಿಂದ ತರಿಸೋಣವೆಂದರೆ ಜಟ್ಟೆಮ್ಮ ಹೌಹಾರುವಳು.

"ಮನ್ಯಾಗ ಸೊಸಿ ಇಟ್ಕೊಂಡು ಬೀಗರಿಗೆ ಕೊಂಡ ರೊಟ್ಟಿ ನೀಡೋದೇನು! ಏಳು, ಬಳಿ ಮ್ಯಾಲ ಸರಿಸ್ಕೊಂಡು ಬಡಿ."

ಜಯಮಾಲಾ ಬಳೆಗಳನ್ನು ಮೊಣಕೈವರೆಗೆ ಏರಿಸಿ ಬಡಿಯುವಳು. ಹಾಲ್‌ನಲ್ಲಿ ಜಟ್ಟೆಮ್ಮ ಬಂದವರಿಗೆ ಹೇಳುತ್ತಿರುವುದು ಒಲೆಯ ಸದ್ದಿನ ನಡುವೆಯೂ ಕೇಳುವುದು: "ನಮ್ಮ ಸೊಸಿನ್ನ ಕೆಲಸ ಬಿಡಿಸೀವಿ. ಈಗ ಆರಾಮ ಅದಾಳ."

ಆರಾಮ! ಅಂಗಡಿಯಲ್ಲಿದ್ದಾಗ ಅವಳು ಇಷ್ಟು ಬಡಿದಿರಲಿಲ್ಲ. ಅಲ್ಲಿ ಹಿಟ್ಟು ಮುಗಿದ ಮೇಲೆ "ಮುಗೀತ್ರೀ, ನಾಳಿ ಬರ್ರಿ" ಎಂದು ಶೆಟರ್ ಎಳೆಯುತ್ತಿದ್ದಳು. ಆ ಗಡಗಡ ಸದ್ದಿನ ನಂತರ ಯಾರೂ ಅವಳನ್ನು ಏನೂ ಕೇಳುವಂತಿರಲಿಲ್ಲ. ಶಂಶು ಎರಡು ಲೋಟ ಚಹಾ ಸೋಸುತ್ತಿದ್ದಳು. ಇಬ್ಬರೂ ಕಾಲು ಚಾಚಿ ಕುಳಿತು, ಆ ದಿನ ಬಂದ ಗಿರಾಕಿಗಳನ್ನು ಅಣಕಿಸಿ ನಗುತ್ತಿದ್ದರು. ಯಾರೋ ಒಬ್ಬ ಗಿರಾಕಿ, "ಅಕ್ಕಾ, ನಮ್ಮವ್ವ ಮಾಡಿದ ಹಂಗ ಅದ" ಎನ್ನುತ್ತ ದುಡ್ಡು ಚಾಚಿದ್ದು ನೆನಪಾಗಿ ಅವಳ ಕಣ್ಣು ತುಂಬುತ್ತಿತ್ತು. ಇಲ್ಲಿ ತಿಂದವರು ತಾಟಿನಲ್ಲೇ ಕೈ ತೊಳೆದು ಏಳುತ್ತಾರೆ. ಯಾರನ್ನು ದೂರುವುದು? ನೆಂಟರನ್ನೇ? ಅತ್ತೆಯನ್ನೇ? ತಾನೇ ಕೈಯಾರೆ ತಂದ ಭಾಗ್ಯವನ್ನೇ?

ಒಂದು ಮಧ್ಯಾಹ್ನ ಶಂಶುನ್ನೀಸಾ ಮನೆಯ ಬಾಗಿಲಿಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ.

"ಆಪಾ, ನೇರ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಜಾಗಕ್ಕೆ ಇಬ್ರನ್ನ ಇಟ್ಟು ನೋಡಿದೆ. ಒಬ್ಬಳ ರೊಟ್ಟಿ ಚಪ್ಪಲಿ, ಇನ್ನೊಬ್ಬಳದ್ದು ಹಪ್ಪಳ. ಆರ್ಡರ್ ಎಲ್ಲಾ ಹೋಗ್ತಾ ಇದೆ. ಶೆಟರ್ ಓನರ್ ಹತ್ರ ರೊಟ್ಟಿ ಮಷೀನ್ ಇಡೋನು ಒಬ್ಬ ಬಂದಿದಾನೆ. ಈ ಸೋಮವಾರ ನೀವು ಬಂದ್ರೆ ಅಂಗಡಿ ನಮ್ದು. ಇಲ್ಲಾಂದ್ರೆ ಅವನ್ದು."

"ನಾ ಹೆಂಗ ಬರ್ಲಿ ಶಂಶು... ಮನ್ಯಾಗ ನೋಡು."

ಶಂಶು ಒಳಗೆ ಇಣುಕಿದಳು. ಹಾಲ್‌ನ ಉದ್ದಕ್ಕೂ ಮಲಗಿದ್ದ ನೆಂಟರು, ಹೊಸ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದ ಈರೇಶ.

"ತೋಬಾ ತೋಬಾ! ಇದು ಮನೇನಾ, ಧರ್ಮಛತ್ರನಾ? ನಮ್ಮ ಅಂಗಡೀಲಾದ್ರೂ ತಿಂದೋರು ದುಡ್ಡು ಕೊಡ್ತಿದ್ರು!"

ಭಾನುವಾರ ಜಟ್ಟೆಮ್ಮನ ಅಣ್ಣ ಅಮರಪ್ಪ ಊರಿನಿಂದ ಬಂದ. ಆ ಮನೆತನಕ್ಕೆ ಅವನೇ ಹಿರಿಯ. ಪಾಲು, ಮದುವೆ, ಜಗಳ, ಏನೇ ಇದ್ದರೂ ಅವನ ಮಾತು ಕೊನೆಯದು. ಕೆ.ಆರ್. ಪುರದ ಹತ್ತಿರ ಈರೇಶ ನೋಡಿಟ್ಟ ಒಂದು ಮನೆಯನ್ನು ಯಾರ ಹೆಸರಿಗೆ ಕೊಳ್ಳಬೇಕೆಂದು ತೀರ್ಮಾನಿಸಲು ಅವನನ್ನು ಕರೆಸಿದ್ದರು. ಊಟಕ್ಕೆ ಕುಳಿತೇ ಮಾತು ನಡೆಯಿತು.

"ಮಗನ ಹೆಸರಿಗೇ ಆಗಬೇಕು ಅಣ್ಣ. ಗಂಡಸು ಅವನು," ಎಂದಳು ಜಟ್ಟೆಮ್ಮ.

"ಅದ ಸರಿ ಅನ್ನು," ಎಂದ ಅಮರಪ್ಪ, ಪುಂಡಿಪಲ್ಯ ಚಪ್ಪರಿಸುತ್ತ. "ಏ ಜಯಾ, ಇನ್ನೊಂದು ಬಿಸೀದು ತಾ ಅವಾ! ಏನ್ ಕೈ ಇದು! ಈಗರ ಆರಾಮ ಆತಲ್ಲ ನಿನಗ, ದುಡಿಯೋ ಚಿಂತಿಲ್ಲ."

ಒಳಗೆ ಜಯಮಾಲಾ ಹಂಚಿನ ಮೇಲೆ ಬಗ್ಗಿದ್ದಳು. ಮೇಲೆ ಸರಿಸಿದ್ದ ಬಳೆ ಅದೇ ಗಳಿಗೆಗೆ ಜಾರಿ ಕೆಳಗೆ ಬಂದು ಹಂಚಿಗೆ ತಗುಲಿತು. ಕಾದ ಚಿನ್ನ ಮಣಿಕಟ್ಟಿಗೆ ಚುರ್ ಎಂದು ಅಂಟಿತು. "ಯವ್ವಾ!" ಎಂದು ಕೂಗಿದವಳು ಕೂಗನ್ನು ಅರ್ಧಕ್ಕೇ ನುಂಗಿದಳು. ಹೊರಗಿನಿಂದ ಅಮರಪ್ಪನ ದನಿ ಮತ್ತೆ ಬಂತು: "ಬಂತೇನು ರೊಟ್ಟಿ?"

ಆಗ ಅವಳೊಳಗೆ ಏನೋ ಕಡಿದು ಬಿತ್ತು. ಒಲೆ ಆರಿಸಿದಳು. ಬಳೆಗಳನ್ನು ಒಂದೊಂದಾಗಿ ಬಿಚ್ಚಿ ತಾಟಿನಲ್ಲಿ ಹಾಕಿಕೊಂಡು ಹೊರಗೆ ಬಂದು, ಅಮರಪ್ಪನ ಮುಂದೆ ಇಟ್ಟಳು. ಅಮರಪ್ಪ ರೊಟ್ಟಿಯೆಂದು ಕೈ ಚಾಚಿ, ಬಳೆ ನೋಡಿ ಕೈ ಹಿಂದಕ್ಕೆ ಎಳೆದುಕೊಂಡ. ಜಯಮಾಲಾ ನೆಲದ ಮೇಲೆ ಮಂಡಿಯೂರಿ ಸೆರಗು ಹಿಡಿದು ಉಡಿಯೊಡ್ಡಿದಳು.

"ಮಾವ, ನೀವು ಹಿರೇರು ಕುಂತೀರಿ. ಉಡಿಯೊಡ್ಡಿ ಕೇಳ್ತೀನಿ. ನನಗ ಪಾಲು ಕೊಡಿಸ್ರಿ."

ಈರೇಶ ಗಾಬರಿಯಾದ. "ಪಾಲು? ಯಾರ ಹತ್ರ ಪಾಲು? ರೊಕ್ಕ ಎಲ್ಲಾ ನಿನ್ನ ಹೆಸರಿಗೇ ಅದಲ್ಲ ಹುಚ್ಚಿ!"

"ರೊಕ್ಕದ್ದಲ್ಲ. ನನ್ನ ಒಲಿ ಬ್ಯಾರೆ ಮಾಡ್ರಿ."

ಹಾಲ್‌ನಲ್ಲಿ ಮಲಗಿದ್ದ ನೆಂಟರೂ ಎದ್ದು ಕುಳಿತರು. ಅಣ್ಣತಮ್ಮಂದಿರು ವರ್ಷಗಟ್ಟಲೆ ಕಿತ್ತಾಡಿ, ಇನ್ನು ಸಾಧ್ಯವೇ ಇಲ್ಲವೆಂದಾಗ ಒಲೆ ಬೇರೆ ಮಾಡಿಕೊಳ್ಳುತ್ತಾರೆ. ಗಂಡನ ಜೊತೆ ಇದ್ದುಕೊಂಡೇ ಹೆಂಡತಿಯೊಬ್ಬಳು ಒಲೆ ಬೇರೆ ಕೇಳಿದ್ದನ್ನು ಯಾರು ಕಂಡಿದ್ದಾರೆ!

"ಗಂಡನ್ನ ಬಿಡ್ತೀಯೇನವಾ?" ಅಮರಪ್ಪ ಮೆಲ್ಲಗೆ ಕೇಳಿದ.

"ಇಲ್ಲ ಮಾವ. ಗಂಡ ಬೇಕು, ಮಗಳು ಬೇಕು, ಅತ್ತಿನೂ ಬೇಕು. ಇದೇ ಮನ್ಯಾಗ ಇರ್ತೀನಿ. ಒಲಿ ಒಂದು ಬ್ಯಾರೆ. ನನ್ನ ಒಲಿ ಅಂಗಡ್ಯಾಗ. ಈ ಮನಿ ಒಲಿ ನನ್ನದಲ್ಲ, ಇದರ ಮುಂದ ನಾ ಕುಂದ್ರಂಗಿಲ್ಲ."

"ಕೇಳ್ರಿ, ಕೇಳ್ರಿ!" ಜಟ್ಟೆಮ್ಮ ಎದೆ ಬಡಿದುಕೊಂಡಳು. "ರೊಕ್ಕದ ಸೊಕ್ಕು ನೋಡ್ರಿ! ಕುಂದ್ರಿಸಿ ಉಣ್ಣಾಕ ಹಾಕ್ತೀವಿ ಅಂದ್ರ ಇಕಿಗೆ ಕೂಲಿ ಬೇಕಂತ!"

"ಯಾರು ಕುಂದ್ರಿಸಿದ್ರಿ ಅತ್ತೀ?" ಜಯಮಾಲಾಳ ದನಿ ಮೊದಲ ಬಾರಿಗೆ ಏರಿತು. "ಒಂದಿನ ಕುಂತೀನೇನು? ನಾ ಕೆಲಸ ಬಿಟ್ಟೀನಂತ ಬಂದವರಿಗೆಲ್ಲಾ ಹೇಳ್ತೀರಿ. ಹಂಗ ಹೇಳ್ಕೋತ ನೀವು ಉಂಡಿದ್ದು ಯಾರು ಬಡಿದ ರೊಟ್ಟಿ? ಅಂಗಡಿಗೆ ಶೆಟರ್ ಅದ ಮಾವ, ಎಳದ್ರ ಕೆಲಸ ಮುಗೀತದ. ಈ ಮನಿಗೆ ಶೆಟರ್ ಇಲ್ಲ! ನೀವು ನನ್ನ ಕೆಲಸ ಬಿಡಿಸಲಿಲ್ಲ... ಬರೀ ಪಗಾರ ಬಿಡಿಸಿದ್ರಿ!"

 ನೆಂಟನೊಬ್ಬ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದ.

"ರೊಕ್ಕದ ಮಾತು ಬಂದದ, ಹೇಳಿ ಬಿಡ್ತೀನಿ," ಎಂದಳು ಅವಳು, ಉಸಿರು ತಡೆದುಕೊಂಡು. "ಅರ್ಧ ಪೂಜಿತಾನ ಹೆಸರಿಗೆ ಬ್ಯಾಂಕಿನಾಗ ಇಡ್ತೀನಿ, ಅದನ್ನ ಯಾರೂ ಮುಟ್ಟಬಾರದು. ಉಳಿದ ಅರ್ಧಕ್ಕ ಎಷ್ಟು ಬರ್ತದೋ ಅಷ್ಟು ಸಣ್ಣ ಮನಿ ತಗೊಳ್ರಿ. ಮನಿ ಅತ್ತಿ ಹೆಸರಿಗೆ ಆಗಲಿ. ನನಗ ಅದರಾಗ ಒಂದು ಕಲ್ಲೂ ಬ್ಯಾಡ."

ಜಟ್ಟೆಮ್ಮ ಬಾಯಿ ತೆರೆಯುವಷ್ಟರಲ್ಲಿ ಈರೇಶ ನಡುವೆ ಬಾಯಿ ಹಾಕಿದ.

"ಮತ್ತ ನನಗ?"

"ನಿಮಗ ಸ್ಟೇರಿಂಗ್."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಅಮರಪ್ಪ ಗಂಟಲು ಸರಿಪಡಿಸಿಕೊಂಡ.

"ನೋಡವಾ, ಒಲಿ ಬ್ಯಾರೆ ಅಂದ್ರ ಬರೀ ಬಾಯಿಲೆ ಆಗೋ ಮಾತಲ್ಲ. ಮನಿ ಹಿರೇಳು ತನ್ನ ಕೈಲೆ ಹಳೇ ಒಲಿ ಕೆಂಡ ತಗದು ಕೊಡಬೇಕು. ಅದರಿಂದ ಹೊಸ ಒಲಿ ಹಚ್ಚಬೇಕು. ನಮ್ಮ ಮನೆತನದಾಗ ಹಂಗ ನಡದು ಬಂದದ. ಇಲ್ಲಿ ಹಿರೇಳು ಜಟ್ಟೆವ್ವ. ಅಕಿ ಕೊಟ್ರ ಆತು, ಕೊಡದಿದ್ರ ಇಲ್ಲ."

"ಇಲ್ಲಿ ಗ್ಯಾಸ್ ಅದ ಮಾವ," ಈರೇಶ ಗೆದ್ದವನಂತೆ ಎದ್ದು ನಿಂತ. "ಕೆಂಡ ಎಲ್ಲಿಂದ ಬರ್ತದ? ಹಂಗಾದ್ರ ಪಾಲು ಆಗಂಗೇ ಇಲ್ಲ!"

ಅಮರಪ್ಪ ತಲೆ ಕೆರೆದುಕೊಂಡ. ಇಂಥ ತೊಡಕು ಅವನ ಹಿರಿಯರಿಗೂ ಬಂದಿರಲಿಲ್ಲ. ಆದರೆ ಜಟ್ಟೆಮ್ಮನ ಸಿಟ್ಟು ಅಷ್ಟರಲ್ಲಿ ನೆತ್ತಿಗೇರಿತ್ತು. ಇಷ್ಟು ಜನರೆದುರು, ಅಣ್ಣನೆದುರು, ಸೊಸೆ ತನ್ನ ಒಲೆಯನ್ನೇ ಬೇಡವೆಂದಳಲ್ಲ! ದಡಬಡನೆ ಅಡುಗೆಮನೆಗೆ ನುಗ್ಗಿದಳು. ಒಲೆಯ ಪಕ್ಕದಲ್ಲಿದ್ದ ಗ್ಯಾಸ್ ಲೈಟರ್ ಕೈಗೆ ಸಿಕ್ಕಿತು.

"ಬೆಂಕಿ ಬೇಕೇನು ನಿನಗ? ಬೆಂಕಿ? ತಗೋ! ಹಚ್ಚು! ನನ್ನ ಮನಿಗೇ ಹಚ್ಚು! ಹಾಳಾಗಿ ಹೋಗು!"

ಎಸೆದಳು. ಲೈಟರ್ ಗಾಳಿಯಲ್ಲಿ ತಿರುಗುತ್ತ ಬಂದು, ಜಯಮಾಲಾ ಇನ್ನೂ ಒಡ್ಡಿಕೊಂಡೇ ಇದ್ದ ಸೆರಗಿನಲ್ಲಿ ಬಿತ್ತು.

ಅಮರಪ್ಪ ಅದನ್ನು ನೋಡಿದ. ತಂಗಿಯನ್ನು ನೋಡಿದ. ನಿಧಾನವಾಗಿ ಕೈ ಒರೆಸಿಕೊಂಡ.

"ಮುಗೀತು," ಎಂದ.

"ಏನು ಮುಗೀತು ಅಣ್ಣ?"

"ಒಲಿ ಬ್ಯಾರೆ ಆತು. ಈ ಮನಿ ಒಲಿಗೆ ಬೆಂಕಿ ಅದರಿಂದನ ಹೌದಿಲ್ಲೋ? ನೀನೇ ಕೊಟ್ಟಿ. ಅಕಿ ಉಡ್ಯಾಗ ಬಿತ್ತು. ಹೆಣ್ಣುಮಗಳ ಉಡ್ಯಾಗ ಹಾಕಿದ್ದನ್ನ ವಾಪಸ್ ಇಸ್ಕೊಂಡಿದ್ದು ನಮ್ಮ ಮನೆತನದಾಗ ಇಲ್ಲ."

"ನಾ ಸಿಟ್ಟಿಲೆ ಒಗದೆ!"

"ಸಿಟ್ಟಿಲೆ ಕೊಟ್ರೂ ಕೆಂಡನ, ಪ್ರೀತಿಲೆ ಕೊಟ್ರೂ ಕೆಂಡನ."

ಜಟ್ಟೆಮ್ಮ ಗೋಡೆಗೆ ಒರಗಿ ಕುಸಿದಳು. ಇಷ್ಟು ದಿನ ಕೂಗಾಡಿದ ಬಾಯಿಂದ ಈಗ ಬಂದದ್ದು ಬೇರೆಯದೇ ದನಿ... ಸಣ್ಣ ಹುಡುಗಿಯದು.

"ನಿನಗೇನು ಗೊತ್ತವಾ... ಗೌಡರ ಹೊಲದಾಗ ಕಳೆ ತಗದೆ, ಇಲ್ಲಿ ಬಂದು ಕಟ್ಟಡದಾಗ ಕಲ್ಲು ಹೊತ್ತೆ. ಈರೇಶ ಹೊಟ್ಯಾಗ ಇದ್ದಾಗ ಗೌಡರ ಮನಿ ಬಾಗಿಲಿಗೆ ನೀರು ಕೇಳಾಕ ಹೋಗಿದ್ದೆ. ಗೌಡಸಾನಿ ಕಟ್ಟಿ ಮ್ಯಾಲ ಕುಂತು ಯಾರಿಗೋ ಹೇಳ್ತಿದ್ಲು, 'ನಮ್ಮ ಮನಿ ಹೆಣ್ಣಮಕ್ಕಳು ಹೊರಗ ದುಡಿಯಾಕ ಹೋಗಂಗಿಲ್ಲ' ಅಂತ. ನನ್ನ ಕಡೆ ನೋಡ್ಕೋತನ ಹೇಳಿದ್ಲು. ಆ ಮಾತು... ಒಂದ ಸರ್ತಿ ನನ್ನ ಬಾಯಿಲೆ ಆಡಿ ಸಾಯಬೇಕಂತ ಇತ್ತು. ಅಷ್ಟ! ಮತ್ತೇನೂ ಬ್ಯಾಡಾಗಿತ್ತು ನನಗ..."

ಜಯಮಾಲಾಳ ಸಿಟ್ಟು ಎಲ್ಲಿಗೆ ಹೋಯಿತೋ! ಲೈಟರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅತ್ತೆಯ ಪಕ್ಕದಲ್ಲಿ ಬಂದು ಕುಳಿತಳು. ಮುದುಕಿಯ ಅಂಗೈ ಹಿಡಿದುಕೊಂಡಳು. ಕಲ್ಲು ಹೊತ್ತು ಹೊತ್ತು ಮಡಚಲು ಬಾರದ ಬೆರಳುಗಳು ಅವು.

"ಆ ಮಾತು ಆಡ್ರಿ ಅತ್ತೀ. ಯಾರ ಮುಂದ ಬೇಕಾದ್ರೂ ಆಡ್ರಿ. ನಾ ಒಂದ ಸರ್ತಿನೂ ಸುಳ್ಳು ಅನ್ನಂಗಿಲ್ಲ, ನನ್ನ ಮಗಳ ಆಣಿ. ಆದ್ರ ನಾ ಹೋಗ್ತೀನಿ."

ಜಟ್ಟೆಮ್ಮ ಕೈ ಕಿತ್ತುಕೊಂಡಳು. "ಮುಟ್ಟಬ್ಯಾಡ ನನ್ನ. ನಿನ್ನ ಒಲಿ ಬ್ಯಾರೆ."

ಆ ದಿನ ಸಂಜೆಯೇ ನೆಂಟರು ಒಬ್ಬೊಬ್ಬರಾಗಿ ಚೀಲ ಕಟ್ಟಿದರು. ಇನ್ನು ಆ ಮನೆಯಲ್ಲಿ ರೊಟ್ಟಿ ಹುಟ್ಟುವುದಿಲ್ಲವೆಂದು ಯಾರೂ ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಎಲ್ಲರೂ ಹೋದ ಮೇಲೆ ಹಸಿವೆ ತಡೆಯಲಾರದೆ ಈರೇಶನೇ ಅನ್ನಕ್ಕೆ ಇಟ್ಟ. ಒಲೆ ಹಚ್ಚಲು ಪಕ್ಕದ ಮನೆಯಿಂದ ಬೆಂಕಿಪೊಟ್ಟಣ ತರಬೇಕಾಯಿತು. ಅನ್ನ ಮೇಲೆ ಗಂಜಿ, ನಡುವೆ ಅಕ್ಕಿ, ತಳದಲ್ಲಿ ಇದ್ದಿಲು. ಪೂಜಿತಾ ಒಂದು ತುತ್ತು ತಿಂದು ಅಪ್ಪನ ಮುಖ ನೋಡಿ, ಪಾಪವೆನಿಸಿ ಇನ್ನೊಂದು ತುತ್ತು ತಿಂದಳು. ಜಟ್ಟೆಮ್ಮ ನೀರು ಕುಡಿದು ಮಲಗಿದಳು.

ಸೋಮವಾರ ಬೆಳಗ್ಗೆ ಜಯಮಾಲಾ ಮಗಳಿಗೆ ಜಡೆ ಹಾಕಿ, ಹಿಟ್ಟಿನ ಡಬ್ಬಿಯನ್ನು ಸೊಂಟಕ್ಕೆ ಏರಿಸಿಕೊಂಡು ಹೊರಟಳು. ಅತ್ತೆ ಗೇಟಿನ ಹತ್ತಿರ ಕಟ್ಟೆಯ ಮೇಲೆ ಕುಳಿತಿದ್ದಳು. ಮಹಡಿಯಿಂದ ಇಳಿದು ಬಂದ ಮನೆ ಮಾಲೀಕರ ಹೆಂಡತಿ ವಿಮಲಾಕ್ಷಿ ಹಾಲಿನ ಪಾಕೆಟ್ ಎತ್ತಿಕೊಳ್ಳುತ್ತ ಹುಬ್ಬೇರಿಸಿದಳು.

"ಏನ್ರೀ ಜಟ್ಟೆಮ್ನೋರೇ, ಸೊಸೆ ಮತ್ತೆ ಕೆಲ್ಸಕ್ಕೆ ಹೊರಟ್ಬಿಟ್ರಾ? ಅಷ್ಟೊಂದು ದುಡ್ಡು ಬಂತು ಅಂದ್ರು?"

ಜಯಮಾಲಾ ಹೆಜ್ಜೆ ನಿಲ್ಲಿಸಲಿಲ್ಲ. ಆದರೆ ಸಣ್ಣದು ಮಾಡಿದಳು. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. ಮೊದಲು ತಡವರಿಸಿತು, ಆಮೇಲೆ ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಯಿತು.

"ನಮ್ಮ ಮನಿ ಹೆಣ್ಣಮಕ್ಕಳು ಹೊರಗ ದುಡಿಯಾಕ ಹೋಗಂಗಿಲ್ರೀ! ಅಕಿ... ಅಕಿ ಒಲಿ ಬ್ಯಾರೆ ಅದ. ತನ್ನ ಒಲಿಗೆ ಹೊಂಟಾಳ."

ವಿಮಲಾಕ್ಷಿಗೆ ಏನೂ ಅರ್ಥವಾಗಲಿಲ್ಲ. ಜಯಮಾಲಾ ತಿರುಗಿ ನೋಡಲಿಲ್ಲ. ಮಾತು ಕೊಟ್ಟಿದ್ದಳಲ್ಲ... ತುಟಿ ಕಚ್ಚಿಕೊಂಡು ನಡೆದಳು. ಮೆಟ್ರೋ ಕಂಬದವರೆಗೆ ಹೋಗಿರಬಹುದು, ಹಿಂದೆ ಚಪ್ಪಲಿಯ ಸದ್ದು, ಏದುಸಿರು.

"ಏ, ನಿಂದ್ರು!"

ನಿಂತಳು. ಜಟ್ಟೆಮ್ಮ ಸೊಸೆಯ ಮುಖ ನೋಡದೆ, ರಸ್ತೆಯ ಆಚೆ ನಿಂತ ಆಟೋವನ್ನು ನೋಡುತ್ತ ಹೇಳಿದಳು:

"ಆ ಈರೇಶ ಮಾಡಿದ ಅನ್ನ ನಾಯಿನೂ ಮೂಸಂಗಿಲ್ಲ. ಬರೋವಾಗ ನಾಕು ರೊಟ್ಟಿ ತಗೊಂಡು ಬಾ."

  ಜಯಮಾಲಾ ಗಿರಾಕಿಗಳಿಗೆ ಹೇಳುವ ದನಿಯಲ್ಲೇ ಹೇಳಿದಳು:

"ತರ್ತೀನ್ರಿ ಅತ್ತೀ. ಆದ್ರ ಕೊಂಡು ತಿನ್ನಬೇಕಾಗ್ತದ."

ಜಟ್ಟೆಮ್ಮ ಸರಕ್ಕನೆ ಅವಳ ಮುಖ ನೋಡಿದಳು. ಬೈಗುಳವೊಂದು ಬಾಯಿಯವರೆಗೆ ಬಂದಂತೆ ಕಂಡಿತು... ಬಂದು ಅಲ್ಲೇ ನಿಂತಿತು. ಗೊಣಗುತ್ತ, ಶಪಿಸುತ್ತ, ಸೊಂಟಕ್ಕೆ ಸಿಕ್ಕಿಸಿದ್ದ ದುಡ್ಡಿನ ಸಂಚಿಯನ್ನು ಎಳೆದು ಅದರ ದಾರ ಬಿಚ್ಚತೊಡಗಿದಳು. ಬೆರಳುಗಳು ಮಡಚುತ್ತಿರಲಿಲ್ಲ, ಗಂಟು ಸಡಿಲಾಗುತ್ತಿರಲಿಲ್ಲ. ಜಯಮಾಲಾ ಸಹಾಯಕ್ಕೆ ಕೈ ಚಾಚಲಿಲ್ಲ. ತಡವಾಗುತ್ತಿದ್ದರೂ, ಡಬ್ಬಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, ಆ ಗಂಟು ಬಿಚ್ಚುವವರೆಗೂ ಕಾದಳು.